ರಜೆ ಚೀಟಿಯ ಹಣಮಂತರಾಯರು

ಹೈದರಾಬಾದಿನ ನಮ್ಮ ಕನ್ನಡ ಶಾಲೆಯ ಜವಾನ ಹಣಮಂತರಾಯರು ಯಾರನ್ನೂ ನಂಬಿದವರಲ್ಲ. ಮೂವತ್ತು ವರ್ಷ ಗೇಟಿನಲ್ಲಿ ಕುಳಿತು ಮಕ್ಕಳ ರಜೆ ಚೀಟಿ ನೋಡಿದರು. ಕನ್ನಡಕ ಹಣೆಗೇರಿಸಿ, ಚೀಟಿಯನ್ನು ಮೂಗಿನ ಹತ್ತಿರ ಹಿಡಿದು, "ಇದು ನಿಮ್ಮಪ್ಪನ ಸಹಿ ಅಲ್ಲ, ನಡಿ ಒಳಗ" ಎನ್ನುತ್ತಿದ್ದರು. ಟೀಚರಾದ ನನ್ನ ರಜೆ ಅರ್ಜಿಯನ್ನೂ ಎರಡು ಸಲ ಓದಿಯೇ ಹೆಡ್‌ಮಾಸ್ತರರಿಗೆ ಕೊಡುತ್ತಿದ್ದರು.

೨೦೦೩ರಲ್ಲಿ ಶಾಲೆ ಸನ್ಮಾನ ಸಮಾರಂಭ ಇಟ್ಟುಕೊಂಡಿತು. ಹೈಟೆಕ್ ಸಿಟಿಯಲ್ಲಿ ದೊಡ್ಡ ಹುದ್ದೆ ಹಿಡಿದ ಹಳೇ ವಿದ್ಯಾರ್ಥಿಗಳ ಜೊತೆ ನಿಮಗೂ ಶಾಲು ಎಂದೆ.

"ನನಗ್ಯಾಕ್ರೀ? ಕೆಲಸದಿಂದ ತೆಗೀಬೇಕಂತ ಮಾಡೀರೇನು?"

ಹಳೇ ಮಕ್ಕಳೇ ಕೇಳಿಕೊಂಡಿದ್ದಾರೆ, ನಲವತ್ತು ಜನ ಸಹಿ ಹಾಕಿದ ಮಾನಪತ್ರ ಬರುತ್ತದೆ ಎಂದೆ.

"ನೋಡೋಣ ತಗೋರಿ."

ಒಂದು ಸಹಿಯೂ ಬರಲಿಲ್ಲ. ಕೇಳಿದಾಗಲೆಲ್ಲ ಅವರಿಗೆ ಮೀಟಿಂಗು, ಡೆಡ್‌ಲೈನು. ಫೋನು ಮಾಡಿ ಮಾಡಿ ನನಗೆ ಸಿಟ್ಟು ನೆತ್ತಿಗೇರಿತು. ಸಮಾರಂಭದ ಹಿಂದಿನ ದಿನ ಸುಲ್ತಾನ್ ಬಜಾರಿನಿಂದ ನಾಲ್ಕು ಥರದ ಪೆನ್ನು ತಂದು, ನಲವತ್ತು ಸಹಿಯನ್ನೂ ನಾನೇ ಹಾಕಿದೆ.

ಸಮಾರಂಭದಲ್ಲಿ ಹಣಮಂತರಾಯರು ಶಾಲು ಹೊದ್ದು, ವೇದಿಕೆಯ ಮೇಲೇ ಕನ್ನಡಕ ಹಣೆಗೇರಿಸಿ ಮಾನಪತ್ರವನ್ನು ಮೂಗಿನ ಹತ್ತಿರ ಹಿಡಿದರು. ಒಂದೊಂದು ಹೆಸರಿನ ಮೇಲೂ ಬೆರಳಾಡಿಸಿದರು. ಕೆಳಗೆ ಕುಳಿತ ನಾನು ಮಸಿ ಹತ್ತಿದ ಬೆರಳುಗಳನ್ನು ಮಡಚಿಕೊಂಡೆ. ಕೊನೆಗೆ ಅದನ್ನು ಜೋಪಾನವಾಗಿ ಮಡಚಿ ಜೇಬಿಗಿಟ್ಟುಕೊಂಡು, ಇಳಿದು ಬಂದು ನನ್ನ ಪಕ್ಕದಲ್ಲಿ ಕುಳಿತರು.

"ಟೀಚರ್," ಎಂದರು ಮೆಲ್ಲಗೆ, "ಕೈ ಭಾಳ ನೋಯಾಕತ್ತಿರಬೇಕಲ್ರೀ."