ಅಡ್ಡ ನಿಲ್ಲಿಸಿದ ಗಾಡಿ

ಕೋವಿಡ್ ಕಳೆದ ಮರುವರ್ಷ ನಾನು ಇಚಲಕರಂಜಿಯ ಒಂದು ದ್ವಿಚಕ್ರ ವಾಹನ ಮಳಿಗೆಯಲ್ಲಿ ಸವಾರಿ ತರಬೇತುದಾರನಾಗಿದ್ದೆ. ಗಿರಾಕಿಯ ಎತ್ತರ, ಉದ್ಯೋಗ, ದಿನನಿತ್ಯದ ದಾರಿ ವಿಚಾರಿಸಿ ತಕ್ಕ ಗಾಡಿ ಸೂಚಿಸುವುದು, ಕೊಂಡ ಮೇಲೆ ಬ್ರೇಕ್ ಹಿಡಿಯುವ ಕ್ರಮವನ್ನೂ ತಿರುವಿನಲ್ಲಿ ನೋಟ ಇಡುವ ಬಗೆಯನ್ನೂ ಕಲಿಸುವುದು, ಮಳಿಗೆಯು ಏರ್ಪಡಿಸುವ ರವಿವಾರದ ಪ್ರವಾಸಗಳಲ್ಲಿ ಎಲ್ಲರ ಹಿಂದೆ ಸಾಗುವುದು ನನ್ನ ಕೆಲಸ. ಹಾಗೆ ಹಿಂದೆ ಸಾಗುವವನನ್ನು ಸವಾರರು ‘ಸ್ವೀಪ್’ ಎನ್ನುತ್ತಾರೆ. ಕೆಟ್ಟು ನಿಂತ ಗಾಡಿಯನ್ನಾಗಲಿ ದಣಿದ ಸವಾರನನ್ನಾಗಲಿ ದಾರಿಯಲ್ಲಿ ಬಿಟ್ಟು ಹೋಗದಿರುವುದು ಅವನ ಹೊಣೆ. ನನ್ನ ಊರು ಗಡಹಿಂಗ್ಲಜ. ಓದಿದ್ದು ಬೆಳಗಾವಿಯಲ್ಲಿ, ಪಳಗಿದ್ದು ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ. ಸರಿಯಾದ ವಾದವನ್ನು ಸರಿಯಾದ ಕ್ರಮದಲ್ಲಿ ಮಂಡಿಸಿದರೆ ಕೇಳುವವರು ಒಪ್ಪಿಯೇ ಒಪ್ಪುತ್ತಾರೆ ಎಂದು ನಂಬಿದ್ದವನು ನಾನು. ಆ ನಂಬಿಕೆಯ ಬಲದಿಂದಲೇ ಮಗ್ಗದ ಶೆಡ್ಡುಗಳಿಗೆ ಹೋಗಿ ಹೆಲ್ಮೆಟ್ ಕುರಿತು ಭಾಷಣ ಮಾಡುತ್ತಿದ್ದೆ.

ಈ ಪ್ರಕರಣದಲ್ಲಿ ಎದುರುಬದುರಾದ ಇಬ್ಬರೂ ನನ್ನ ಕೈಯಿಂದಲೇ ಗಾಡಿಯ ಕೀಲಿ ಪಡೆದವರು.

ಮಲ್ಲಪ್ಪ ರಾಯಬಾಗ ಕಡೆಯವನು, ಪವರ್‌ಲೂಮ್ ಕಾರ್ಮಿಕ. ಅವನ ಹೆಂಡತಿ ಕಲ್ಲವ್ವ ಅದೇ ಶೆಡ್ಡಿನಲ್ಲಿ ಕಾಂಡಿ ಸುತ್ತುತ್ತಿದ್ದಳು, ಅಂದರೆ ಮಗ್ಗದ ಲಾಳಿಗೆ ಹಾಕುವ ನೂಲನ್ನು ಯಂತ್ರದಲ್ಲಿ ಸುತ್ತುವ ಕೆಲಸ. ನೂರು ಸಿಸಿಯ ಗಾಡಿಗಳ ಮುಂದೆ ನಿಂತು ಮೈಲೇಜಿನ ಲೆಕ್ಕ ವಿವರಿಸುತ್ತಿದ್ದ ನನ್ನನ್ನು ಮಲ್ಲಪ್ಪ ನಡುವೆಯೇ ತಡೆದ.

“ಅದೆಲ್ಲಾ ಇರ್ಲಿ ಬಿಡ್ರಿ ಸರ. ಸೀಟ ಉದ್ದ ಇರಬೇಕ್ ನೋಡ್ರಿ. ನಮ್ಮಕಿ ಜಗಳಾ ತಗದ್ಲಂದ್ರ ಒಂದೀಟ ದೂರ ಕುಂಡ್ರಾಕ ಜಾಗಾ ಬೇಕು.”

“ದೂರ ಕುಂತ್ರ ನಿನ್ನ ಕಿವ್ಯಾಗ ಬೈಯೂದ ಹೆಂಗ?” ಎಂದಳು ಕಲ್ಲವ್ವ. ಇಬ್ಬರನ್ನೂ ಕೂರಿಸಿ ನೋಡಿ, ಉದ್ದ ಸೀಟಿನ ಗಾಡಿಯನ್ನೇ ಕೊಟ್ಟೆ.

ಭರತೇಶ ನಾಂದಣಿಯ ಜೈನ ರೈತ ಮನೆತನದ ತರುಣ. ಕಬ್ಬು, ಹೈನು, ಎರಡರಲ್ಲೂ ಗಟ್ಟಿಗ. ಅವನಿಗೆ ದೂರ ಪ್ರವಾಸದ ಎತ್ತರದ ಗಾಡಿ ಬೇಕಾಗಿತ್ತು. ಅದರ ಮೇಲೆ ಕುಳಿತರೆ ಅವನ ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು. ಓಡುವ ಗಾಡಿಯ ಭಾರ ಸವಾರನಿಗೆ ತಿಳಿಯುವುದಿಲ್ಲ, ನಿಂತ ಗಾಡಿ ಒಮ್ಮೆ ವಾಲಿತೆಂದರೆ ತುದಿಗಾಲಿನವನಿಂದ ತಡೆಯಲು ಆಗುವುದಿಲ್ಲ ಎಂದು ವಿವರಿಸಿದೆ. ತಗ್ಗು ಸೀಟಿನ, ಹಗುರಾದ ಇನ್ನೊಂದು ಮಾದರಿ ತೋರಿಸಿದೆ. “ಗಾಡಿ ಅಂದ್ರ ನಾಕ ಮಂದಿ ಹೊಳ್ಳಿ ನೋಡಬೇಕ್ರಿ ಸರ,” ಎಂದು ನಕ್ಕ. ಎತ್ತರದ್ದನ್ನೇ ಒಯ್ದ.

ಪ್ರಕರಣ ನಡೆದ ರವಿವಾರ ನಿಪ್ಪಾಣಿ, ಗಡಹಿಂಗ್ಲಜ ಮಾರ್ಗವಾಗಿ ಅಂಬೋಲಿ ಘಾಟಿಗೆ ಪ್ರವಾಸ. ಭರತೇಶನದೂ ಸೇರಿ ಹತ್ತು ಹನ್ನೆರಡು ಗಾಡಿಗಳು. ತಂಡದ ಮುಂದಾಳು ಸಂಗ್ರಾಮ, ಕೊಲ್ಹಾಪುರದವನು, ಮರಾಠಿ ಮಾತಿನವನು. ಸವಾರರ ಹೆಲ್ಮೆಟ್‌ಗಳೊಳಗೆ ಪರಸ್ಪರ ಮಾತನಾಡುವ ಬ್ಲೂಟೂತ್ ಇತ್ತು. ಇಂಥ ತಂಡಗಳಲ್ಲಿ ಒಂದು ರೂಢಿಯಿದೆ: ಅಡ್ಡರಸ್ತೆ ಬಂದಾಗ ಒಬ್ಬ ಸವಾರ ಮುಂದೆ ನುಗ್ಗಿ, ತನ್ನ ಗಾಡಿಯನ್ನು ಆ ರಸ್ತೆಯ ಬಾಯಿಗೆ ಅಡ್ಡ ನಿಲ್ಲಿಸಿ, ಕೈಯೆತ್ತಿ ಮಂದಿಯನ್ನು ತಡೆಯುತ್ತಾನೆ, ತಂಡ ತುಂಡಾಗದೆ ದಾಟುತ್ತದೆ. ಹೊರಡುವ ಮುನ್ನ ಇದನ್ನು ಮಾಡಕೂಡದೆಂದು ನಾನು ಸೂಚಿಸಿದ್ದೆ. ಸಂಗ್ರಾಮ ತಲೆಯಾಡಿಸಿದ್ದ.

ಊರು ಬಿಡುವ ಮೊದಲೇ ಮಗ್ಗದ ಶೆಡ್ಡುಗಳ ಗಲ್ಲಿಯೊಂದು ನಮ್ಮ ರಸ್ತೆಗೆ ಎಡದಿಂದ ಕೂಡುತ್ತದೆ. ಪಾಳಿ ಬದಲಾಗುವ ಹೊತ್ತು. ಗಲ್ಲಿಯ ತುಂಬ ಸೈಕಲ್ಲು, ಮೋಟರ್‌ಸೈಕಲ್ಲು, ಟಿಫಿನ್ ಡಬ್ಬಿ ಹಿಡಿದು ನಡೆದವರು. ನನ್ನ ಕಿವಿಯಲ್ಲಿ ಸಂಗ್ರಾಮನ ದನಿ ಕೇಳಿಸಿತು: “ಭರತೇಶ, ರಸ್ತಾ ಅಡವ!” ರಸ್ತೆ ತಡೆ ಎಂದು ಅರ್ಥ. ನಾನು ಬೇಡವೆಂದು ಕೂಗುವಷ್ಟರಲ್ಲಿ ಭರತೇಶ ಗಲ್ಲಿಯ ಬಾಯಿಗೆ ಗಾಡಿ ಅಡ್ಡ ಹಾಕಿ, ಕಪ್ಪು ಗಾಜಿನ ಹೆಲ್ಮೆಟ್ಟಿನಲ್ಲಿ ಮುಖ ಮರೆಯಾಗಿ, ಅಂಗೈ ಎತ್ತಿ ತೋರಿಸುತ್ತ ನಿಂತಿದ್ದ.

ಗಲ್ಲಿಯ ಮಂದಿ ಹಾರ್ನು ಬಾರಿಸತೊಡಗಿದರು. “ರಸ್ತಾ ನಿಮ್ಮಪ್ಪಂದೇನೋ?” ಎಂದು ಯಾರೋ ಕೂಗಿದರು. ಅವರ ಮುಂಚೂಣಿಯಲ್ಲಿದ್ದ ಮಲ್ಲಪ್ಪ ರಸ್ತೆಯಾಚೆಯ ಶೆಡ್ಡಿಗೆ ಹಗಲು ಪಾಳಿಗೆ ಹೊರಟಿದ್ದ. ಅವನು ಮುಟ್ಟುವ ತನಕ ರಾತ್ರಿ ಪಾಳಿಯವನು ಮಗ್ಗ ಬಿಟ್ಟು ಮನೆಗೆ ಹೋಗುವಂತಿಲ್ಲ. ಪೆಟ್ರೋಲ್ ಟ್ಯಾಂಕಿನ ಮೇಲೆ ನೂಲಿನ ಚೀಲ, ಹಿಂದೆ ಕಲ್ಲವ್ವ. ಭರತೇಶನ ಮುಂದಿನ ಗಾಲಿಗೂ ಗಟಾರಕ್ಕೂ ನಡುವೆ ಉಳಿದಿದ್ದ ಸಂದಿನಲ್ಲಿ ಅವನು ಗಾಡಿ ನುಗ್ಗಿಸಿದ.

ಚೀಲದ ಅಂಚು ದೊಡ್ಡ ಗಾಡಿಯ ಹ್ಯಾಂಡಲ್ಲಿಗೆ ಸಿಕ್ಕಿತು. ಮಲ್ಲಪ್ಪನ ಗಾಡಿ ಗಿರಕಿ ಹೊಡೆದು, ಅವನ ಸಮೇತ ಆ ದೊಡ್ಡ ಗಾಡಿಯ ಬಲಮಗ್ಗುಲಿಗೆ ಬಿತ್ತು. ಕಲ್ಲವ್ವ ದೂರ ಸಿಡಿದಳು. ತುದಿಗಾಲಿನಲ್ಲಿ ನಿಂತಿದ್ದ ಭರತೇಶನ ಕಾಲು ಜಾರಿ, ಸಾಮಾನಿನ ಪೆಟ್ಟಿಗೆಗಳ ಸಮೇತ ಅವನ ಗಾಡಿ ಮಲ್ಲಪ್ಪನ ಕಾಲಿನ ಮೇಲೆ ಒರಗಿತು. ಎಂಜಿನ್ ಇನ್ನೂ ಚಾಲೂ ಇತ್ತು, ಗೇರು ಬಿದ್ದಿತ್ತು. ಗಾಬರಿಗೊಂಡ ಭರತೇಶ ಗಾಡಿ ಎತ್ತಲು ಹ್ಯಾಂಡಲ್ಲನ್ನು ಬಿಗಿಯಾಗಿ ಹಿಡಿದೆಳೆದ. ಬಲಗೈ ಹಿಡಿದೆಳೆದದ್ದು ಎಕ್ಸಲರೇಟರನ್ನು. ಹಿಂದಿನ ಗಾಲಿ ಭರ್ರನೆ ತಿರುಗಿ ಮಲ್ಲಪ್ಪನ ಹಿಮ್ಮಡಿಯ ಚರ್ಮ, ಮಾಂಸ ಕಿತ್ತು ಡಾಂಬರಿಗೆ ಎರಚಿತು. ಮಲ್ಲಪ್ಪನ ಕೂಗು ಆ ಎಂಜಿನ್ ಸದ್ದನ್ನೂ ಮೀರಿತು. ಮರುಕ್ಷಣ ಎಂಜಿನ್ ತಾನಾಗಿ ನಿಂತಿತು. ಆದರೆ ಗಲ್ಲಿಯವರು ಕಂಡದ್ದು ಒಂದೇ: ಹೆಲ್ಮೆಟ್ಟಿನವನೊಬ್ಬ ಬಿದ್ದವನ ಕಾಲಿನ ಮೇಲೆ ಗಾಲಿ ತಿರುಗಿಸಿದ.

“ಬೇಕಂತ ತಿರಗಸಾಕತ್ತಾನೋ! ಹಿಡೀರೋ ಮಗನ್ನ!”

ಮೊದಲ ಟಿಫಿನ್ ಡಬ್ಬಿ ಭರತೇಶನ ಹೆಲ್ಮೆಟ್ಟಿಗೆ ಬಡಿಯಿತು. ಎರಡನೆಯ ಏಟಿಗೆ ಗಾಜು ಒಡೆದು ಚೂರುಗಳು ಕೆನ್ನೆಗೆ ನೆಟ್ಟವು. ಅವನನ್ನು ಕೆಡವಿದರು. ಹೊಟ್ಟೆಗೆ, ಬೆನ್ನಿಗೆ, ಸೊಂಟಕ್ಕೆ ಒದೆಗಳು ಬಿದ್ದವು. ತಲೆಗೆ ಪೆಟ್ಟು ತಾಗುತ್ತಿಲ್ಲವೆಂದು ತಿಳಿದ ಒಬ್ಬ ಹಿಂದಿನಿಂದ ಹೆಲ್ಮೆಟ್ಟನ್ನೇ ಎರಡೂ ಕೈಯಿಂದ ಹಿಡಿದು ಎಳೆಯತೊಡಗಿದ. ಗದ್ದದ ಕೆಳಗಿನ ಪಟ್ಟಿ ಬಿಚ್ಚಲಿಲ್ಲ, ಗಂಟಲಿಗೆ ಬಿಗಿಯಿತು. ಎಳೆದಷ್ಟೂ ಬಿಗಿಯಿತು. ಭರತೇಶನ ಕಾಲುಗಳು ರಸ್ತೆಯ ಮೇಲೆ ಒದ್ದಾಡುತ್ತಿದ್ದವು. ಇನ್ನು ಸ್ವಲ್ಪ ಹೊತ್ತು ಹೀಗೇ ಎಳೆದರೆ ಅವನು ಸಾಯುತ್ತಾನೆ ಎಂಬುದು ನನಗೆ ಸ್ಪಷ್ಟವಾಯಿತು.

ನಾನು ಓಡಿದೆ. ಹೆಲ್ಮೆಟ್ ಧರಿಸಿದ ನನ್ನನ್ನೂ ಅವರು ಅದೇ ಗುಂಪಿನವನೆಂದು ನೂಕಿದರು. ಮಾತು ಕೇಳಿಸಲೆಂದು ಹೆಲ್ಮೆಟ್ ತೆಗೆದು, ಇದು ಅಪಘಾತ, ಅವನು ಎತ್ತುತ್ತಿದ್ದ ಎಂದು ಕನ್ನಡದಲ್ಲಿ, ಮರಾಠಿಯಲ್ಲಿ ಕೂಗಿದೆ. ವಾದ ಸರಿಯಿತ್ತು, ಕ್ರಮವೂ ಸರಿಯಿತ್ತು. ಉತ್ತರವಾಗಿ ಒಂದು ಕಲ್ಲು ಹುಬ್ಬಿಗೆ ಬಡಿಯಿತು. ಎಡಗಣ್ಣು ರಕ್ತದಿಂದ ಮುಚ್ಚಿತು. ಅತ್ತ ಸಂಗ್ರಾಮ ಗಾಡಿಗೆ ಬೀಗ ಹಾಕುವ ಕಬ್ಬಿಣದ ಸರಪಳಿ ಬಿಚ್ಚಿ ಬೀಸುತ್ತ ಬರುತ್ತಿದ್ದ. ಅದು ಒಬ್ಬ ಕಾರ್ಮಿಕನ ಮೊಣಕೈಗೆ ಬಿದ್ದು, ಮೂಳೆ ಮುರಿದ ಸದ್ದು ನನಗೇ ಕೇಳಿಸಿತು. ಗಲ್ಲಿಯಿಂದ ಕಲ್ಲುಗಳ ಮಳೆ ಸುರಿಯತೊಡಗಿತು.

ಆಗ ಕಲ್ಲವ್ವ ಎದ್ದು ಬಂದಳು. ಮೊಣಕಾಲು ಕಿತ್ತು ಸೀರೆ ರಕ್ತದಲ್ಲಿ ನೆನೆದಿತ್ತು. ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು, ಹೆಲ್ಮೆಟ್ ಎಳೆಯುತ್ತಿದ್ದವನ ಮುಖಕ್ಕೆ ಬಲವಾಗಿ ಬಾರಿಸಿದಳು. ಅವನು ಅವಳ ಓಣಿಯವನೇ.

“ಅಕ್ಕಾ, ನಿನ್ನ ಗಂಡನ್ ಸಲುವಾಗೇ...”

“ನನ್ನ ಗಂಡ ಅಲ್ಲೇ ಗಾಡಿ ಕೆಳಗ ಸುಡಾಕತ್ತಾನ, ಭಾಡ್ಯಾ! ಒಬ್ಬರರೆ ಅತ್ತಾಗ ನೋಡೀರೇನ? ಮೊದಲ ಗಾಡಿ ಎತ್ರಿ! ಹೊಡಿಯೂದು ಎಲ್ಲಿ ಓಡಿ ಹೋಗತೈತಿ?”

ಎಲ್ಲರೂ ಹೊರಳಿ ನೋಡಿದರು. ಮಲ್ಲಪ್ಪನ ಪರವಾಗಿ ಅಷ್ಟು ಮಂದಿ ಕೈಯೆತ್ತಿದ್ದರು. ಮಲ್ಲಪ್ಪ ಇನ್ನೂ ಗಾಡಿಯ ಕೆಳಗೇ ಇದ್ದ. ಬಲಮಗ್ಗುಲಿನ ಸೈಲೆನ್ಸರು ಅವನ ಮೀನಖಂಡಕ್ಕೆ ಒತ್ತಿತ್ತು. ಸುಟ್ಟ ಮಾಂಸದ ವಾಸನೆ ಪೆಟ್ರೋಲಿನ ವಾಸನೆಯೊಡನೆ ಬೆರೆತಿತ್ತು.

ಸಿಕ್ಕ ಬಿಡುವಿನಲ್ಲಿ ನಾನು ಭರತೇಶನ ಬಳಿ ಕುಸಿದು ಕುಳಿತು, ಹೆಲ್ಮೆಟ್ಟನ್ನು ತಲೆಯ ಕಡೆಗೇ ಒತ್ತಿ ಪಟ್ಟಿ ಸಡಿಲಿಸಿ ಬಿಚ್ಚಿದೆ. ಕರ್ಕಶ ಸದ್ದಿನೊಡನೆ ಅವನಿಗೆ ಉಸಿರು ಬಂತು. ಅವನ ಮೂಗಿನ ಹತ್ತಿರ ಕೈಯಿಟ್ಟು ಉಸಿರು ಖಚಿತಪಡಿಸಿಕೊಂಡು ಗಾಡಿಯತ್ತ ಓಡಿದೆ. ನಾಲ್ಕೈದು ಜನ ಆಗಲೇ ಅದನ್ನು ಎಳೆಯಲು ಬಾಗಿದ್ದರು. ಹಾಗೆ ಎಳೆದರೆ ಸೈಲೆನ್ಸರು ಕಾಲಿನ ಉದ್ದಕ್ಕೂ ಉಜ್ಜುತ್ತದೆ. ಅದನ್ನು ಎಳೆಯದೆ ನೇರವಾಗಿ ಮೇಲಕ್ಕೆತ್ತಬೇಕು. ಅದಕ್ಕೆ ಗಾಡಿಯ ಎರಡೂ ತುದಿಗೆ ಜನ ಬೇಕು, ಪೆಟ್ಟಿಗೆಗಳ ಹಿಡಿಕೆ ಬಲ್ಲವರು ಬೇಕು. ಆ ಬಲ್ಲವರೆಲ್ಲ ನಮ್ಮ ಸವಾರರು, ಕಪ್ಪು ಗಾಜಿನ ಹಿಂದೆ ಮುಖವಿಲ್ಲದೆ ನಿಂತಿದ್ದರು. ಆ ಮುಖವಿಲ್ಲದವರನ್ನು ಗಲ್ಲಿಯವರು ಹತ್ತಿರ ಬಿಡುವಂತಿರಲಿಲ್ಲ.

ವರ್ಷಗಟ್ಟಲೆ ಹೆಲ್ಮೆಟ್ಟಿನ ಪರ ವಾದಿಸಿದ ನಾನು, ಕಲ್ಲು ಬೀಳುತ್ತಿದ್ದ ಆ ರಸ್ತೆಯಲ್ಲಿ ಕೂಗಿದೆ: “ಹೆಲ್ಮೆಟ್ ತೆಗೀರಿ! ಎಲ್ಲಾರೂ ತೆಗದ ಬರ್ರಿ, ಎತ್ತಬೇಕು!”

“ಸರ, ದಗಡ ಯೇತಾಯತ!” ಕಲ್ಲುಗಳು ಬರುತ್ತಿವೆ ಎಂದ ಸಂಗ್ರಾಮ.

“ಬರ್ಲಿ. ಸರಪಳಿ ಕೆಳಗ ಹಾಕ. ಎರಡೂ ಕೈ ಬೇಕು.”

ಒಬ್ಬ ತೆಗೆದ. ಇನ್ನೊಬ್ಬ ತೆಗೆದ. ಬೋಳು ತಲೆಯ ಅಂಗಡಿಕಾರ, ಬೆವರಿದ ಮೀಸೆಯ ಮಾಸ್ತರ, ಗಲ್ಲಿಯವರು ದಿನವೂ ಪೇಟೆಯಲ್ಲಿ ಕಾಣುವ ಮುಖಗಳೇ. ಸಂಗ್ರಾಮ ಕೊನೆಯವನಾಗಿ ಬಂದ. ಸರಪಳಿಯ ಏಟು ತಿಂದವನು ಒಂದೇ ಕೈಯಿಂದ ಹಿಂದಿನ ಕಂಬಿ ಹಿಡಿದಿದ್ದ. ಸಂಗ್ರಾಮ ಅವನ ಪಕ್ಕದಲ್ಲಿಯೇ ಹಿಡಿಯಬೇಕಾಯಿತು. ನಾನು ಎಣಿಸಿದೆ, ಎಲ್ಲರೂ ಒಮ್ಮೆಗೇ ಎತ್ತಿದರು. ಕಲ್ಲವ್ವ ಗಂಡನ ತೋಳು ಹಿಡಿದು ಎಳೆದುಕೊಂಡಳು. ಅವನ ಪಾದ ಹಿಂದೆಯೇ ಉಳಿಯಿತೇನೋ ಎಂಬಂತೆ ಜೋತು ಬಿದ್ದಿತ್ತು.

ಇಲ್ಲಿಗೆ ಎಲ್ಲವೂ ಶಾಂತವಾಯಿತೆಂದು ಬರೆದರೆ ಸುಳ್ಳಾಗುತ್ತದೆ. ಆ ಪಾದ ಕಂಡೊಡನೆ ಒಬ್ಬ ಹೋಗಿ ಬಿದ್ದಿದ್ದ ಭರತೇಶನ ಪಕ್ಕೆಗೆ ಬೂಟುಗಾಲಿನಿಂದ ಒದ್ದ. ಮತ್ತೊಬ್ಬ ಡಬ್ಬಿಯಿಂದ ಬಾಯಿಗೆ ಹೊಡೆದು ಹಲ್ಲು ಉದುರಿಸಿದ. ಎತ್ತಿ ನಿಲ್ಲಿಸಿದ ಗಾಡಿಯನ್ನು ಕಲ್ಲಿನಿಂದ ಜಜ್ಜಿದರು. ಆದರೆ ಈ ಸಲ ಅವನ ಮೇಲೆ ಅಡ್ಡ ಬಿದ್ದು ಏಟು ತಿಂದವರಲ್ಲಿ ನಮ್ಮವರೂ ಇದ್ದರು, ಗಲ್ಲಿಯ ಇಬ್ಬರೂ ಇದ್ದರು. ನೂಲು ಸಾಗಿಸುವ ಟೆಂಪೊ ಒಂದರಲ್ಲಿ ಮಲ್ಲಪ್ಪ, ಭರತೇಶ ಇಬ್ಬರನ್ನೂ ಒಟ್ಟಿಗೇ ಮಲಗಿಸಿ ಕೊಲ್ಹಾಪುರದ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ಭರತೇಶನ ಬಾಯಿಂದ ರಕ್ತ ಬಸಿಯುತ್ತಿತ್ತು. ಕಲ್ಲವ್ವ ಅವನನ್ನು ಒಮ್ಮೆಯೂ ನೋಡಲಿಲ್ಲ.

ಭರತೇಶ ಬದುಕಿದ. ಪಕ್ಕೆಲುಬುಗಳು ಮುರಿದಿದ್ದವು, ದವಡೆಗೆ ತಂತಿ ಹಾಕಿದರು, ದನಿ ಮೊದಲಿನಂತೆ ಆಗಲೇ ಇಲ್ಲ. ಮಲ್ಲಪ್ಪನ ಪಾದವನ್ನು ವೈದ್ಯರು ಉಳಿಸಿದರು. ಪಾಳಿಯುದ್ದ ಮಗ್ಗದ ಮುಂದೆ ನಿಲ್ಲುವ ಶಕ್ತಿಯನ್ನು ಉಳಿಸಲಾಗಲಿಲ್ಲ.

ಮರುದಿನ ನಾಂದಣಿಯಿಂದ ಭರತೇಶನ ಕಡೆಯವರು ಎರಡು ಜೀಪುಗಳಲ್ಲಿ ಬಂದು ಆಸ್ಪತ್ರೆಯ ಅಂಗಳದಲ್ಲಿ ನಿಂತರು. ಗಲ್ಲಿಗೆ ನುಗ್ಗಿ ಒಬ್ಬೊಬ್ಬರ ಕೈ ಮುರಿಯುವ ಮಾತು ನಡೆದಿತ್ತು. ಸಂಗ್ರಾಮ ನನ್ನನ್ನು ಬದಿಗೆ ಕರೆದು, ಹೇಳಿಕೆಯಲ್ಲಿ ರಸ್ತೆ ತಡೆದ ಸಂಗತಿ ಬೇಡ, ಮಲ್ಲಪ್ಪ ತಾನಾಗಿ ಬಂದು ಗುದ್ದಿದನೆಂದರೆ ಸಾಕು, ಮಳಿಗೆಯ ಹೆಸರೂ ಉಳಿಯುತ್ತದೆ ಎಂದ. ನಾನು ಉತ್ತರ ಕೊಡುವ ಮುನ್ನವೇ ಪೊಲೀಸ್ ಹವಾಲ್ದಾರರು ವಾರ್ಡಿಗೆ ಬಂದರು. ಇಬ್ಬರ ಮಂಚಗಳ ನಡುವೆ ಎರಡೇ ಮಂಚದ ಅಂತರ.

“ಅಂವಾ ಬೇಕಂತ ಗಾಲಿ ತಿರಗಿಸಿದ್ನೇನು?” ಎಂದು ಹವಾಲ್ದಾರರು ಮಲ್ಲಪ್ಪನನ್ನು ಕೇಳಿದರು. ಅವನ ಒಂದು ಮಾತಿನ ಮೇಲೆ ಅಂಗಳದ ಜೀಪುಗಳು ಯಾವ ದಿಕ್ಕಿಗೆ ಹೋಗಬೇಕೆಂಬುದು ನಿಂತಿತ್ತು.

“ಇಲ್ರಿ ಸಾಹೇಬ್ರ. ನಾ ಕೆಳಗಿದ್ನಲ್ಲಾ, ನನಗ ಕಾಣತಿತ್ತು. ಎತ್ತಾಕ ಒದ್ದ್ಯಾಡಾಕತ್ತಿದ್ದ, ಪಾಪ.” ಹವಾಲ್ದಾರರ ಕಾಗದದತ್ತ ಬೆರಳು ತೋರಿಸಿದ. “ಅದನ್ನ ಬರೀರಿ. ಆದ್ರ ನನ್ನ ರಸ್ತಾ ಯಾಕ ಅಡಸಿದ್ದ, ಅದನ್ನೂ ಬರೀರಿ. ನಾ ದುಡಿಯಾಕ ಹೊಂಟಿದ್ನಿರಿ. ಅಂವಾ ತಿರಗಾಡಾಕ ಹೊಂಟಿದ್ದ.”

ಹವಾಲ್ದಾರರು ನನ್ನತ್ತ ತಿರುಗಿದರು. ಸಂಗ್ರಾಮನ ಎದುರಿಗೇ, ರಸ್ತೆ ತಡೆಯುವ ರೂಢಿಯನ್ನೂ, ಅಂದಿನ ಆಜ್ಞೆಯನ್ನೂ, ಅದನ್ನು ಕೊಟ್ಟವನ ಹೆಸರನ್ನೂ ಬಿಡದೆ ಹೇಳಿದೆ. ಆಗ ಆ ಬದಿಯ ಮಂಚದಿಂದ ತಂತಿ ಬಿಗಿದ ದವಡೆಯ ಸದ್ದು ಬಂತು. ಭರತೇಶ ಕೈಯೆತ್ತಿ ತನ್ನ ಎದೆಯನ್ನು ತಟ್ಟಿಕೊಳ್ಳುತ್ತಿದ್ದ. ಹತ್ತಿರ ಹೋಗಿ ಬಾಗಿದೆ. “ನಾನಽ... ಅಡಸಿದ್ದೆ,” ಎಂದ. ಅವನ ಕಾಕಾ ಅದನ್ನು ಕೇಳಿಸಿಕೊಂಡು ಅಂಗಳಕ್ಕೆ ಇಳಿದು ಹೋದರು. ಜೀಪುಗಳು ನಾಂದಣಿಯ ಕಡೆಗೇ ಹೊರಳಿದವು.

ಆ ಮಳಿಗೆ ನನ್ನನ್ನು ಕೆಲಸದಲ್ಲಿ ಮುಂದುವರಿಸಲಿಲ್ಲ. ಈಗ ಗಡಹಿಂಗ್ಲಜದಲ್ಲಿ ಸ್ವತಂತ್ರವಾಗಿ ಸವಾರಿ ಕಲಿಸುತ್ತೇನೆ. ಹೆಲ್ಮೆಟ್ಟಿನ ಪರವಾದ ನನ್ನ ವಾದ ಹಾಗೆಯೇ ಇದೆ. ಗುಂಪಿನ ಕೋಪವನ್ನು ಮಾತಿನಿಂದ ಗೆಲ್ಲಬಹುದೆಂಬ ಭ್ರಮೆ ಹೋಗಿದೆ. ಹೊಡೆಯುವ ಕೈಗಳಿಗೆ ಎತ್ತುವ ಕೆಲಸ ಕೊಡಬೇಕೆಂದು ಕಲಿತಿದ್ದೇನೆ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ಅಂದಿನ ಮೊದಲ ಏಟು ಯಾರದೆಂದು ಶಿಷ್ಯರು ಕೇಳಿದಾಗ, ಡಬ್ಬಿ ಬೀಸಿದವನ ಹೆಸರು ಹೇಳುತ್ತೇನೆಂದು ಅವರು ಕಾಯುತ್ತಾರೆ. ನಾನು ಹೇಳುವುದು ಗಲ್ಲಿಯ ಬಾಯಿಗೆ ಭರತೇಶ ಎತ್ತಿದ ಅಂಗೈಯನ್ನು. ನನ್ನ ತಂಡಗಳು ಅಡ್ಡರಸ್ತೆಗಳಲ್ಲಿ ತುಂಡಾಗುತ್ತವೆ. ಮುಂದಿನವರು ಮುಂದಿನ ತಿರುವಿನಲ್ಲಿ ನಿಂತು ಕಾಯುತ್ತಾರೆ. ಅಂಬೋಲಿ ತಲುಪುವುದು ತಡವಾಗುತ್ತದೆ. ಇದರಿಂದ ಬೇಸತ್ತು ಬೇರೆ ತಂಡಗಳಿಗೆ ಹೋದವರಿದ್ದಾರೆ. ಅವರನ್ನು ನಾನು ತಡೆದಿಲ್ಲ.