ಖಾಲಿ ದಾರಿಯ ಅಮಾವಾಸ್ಯೆ

ಮೊನ್ನೆ ಸೊಸೆ ಹೊಸ ಗಡಿಗೆಯಲ್ಲಿ ಅಂಬಲಿ ಕಾಸಿಟ್ಟಿದ್ದಳು. ಜೋಳದ ಹಿಟ್ಟು, ಹುಳಿ ಮಜ್ಜಿಗೆ, ಜಜ್ಜಿದ ಬೆಳ್ಳುಳ್ಳಿ, ಮೇಲೊಂದಿಷ್ಟು ಅಜವಾನ. ಮುಚ್ಚಳ ತೆಗೆದಾಗ ಮಣ್ಣೂ ಹುಳಿಯೂ ಕೂಡಿದ ಆ ವಾಸನೆ ಪಡಸಾಲೆಯತನಕ ಬಂತು. ಓದುತ್ತಿದ್ದ ಪತ್ರಿಕೆ ಕೆಳಗಿಟ್ಟು ಕಣ್ಣೊರೆಸಿಕೊಂಡೆ. "ಯಾಕ್ರಿ ಮಾವ, ಕಣ್ಣಾಗ ಏನರ ಬಿತ್ತೇನ್ರಿ?" ಎಂದಳು. ಹೌದು ಅಂದುಬಿಟ್ಟೆ. ಅಂಬಲಿಯ ವಾಸನೆಗೆ ಕಾಲೇಜಿನ ಡ್ರಿಲ್ ಮಾಸ್ತರರು ನೆನಪಾದರು ಎಂದರೆ ಅವಳು ನಕ್ಕಾಳು...

ಎರಡನೆಯ ಮಹಾಯುದ್ಧ ನಡೆಯುತ್ತಿದ್ದ ಕಾಲ ಅದು. ಹುಮನಾಬಾದಿನವನಾದ ನಾನು ದೂರದ ಊರಿನ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದೆ. ಕಾಲೇಜಿನ ಹೆಸರು ಬೇಡ. ಡ್ರಿಲ್ ಮಾಸ್ತರರು ಹೈದರಾಬಾದಿನವರು, ಮೊದಲು ಪಲ್ಟನ್ನಿನಲ್ಲಿದ್ದವರು. ಎಡಗಾಲನ್ನು ತುಸು ಎಳೆದು ಹಾಕುತ್ತಿದ್ದರು, ಆದರೂ ನಡಿಗೆಯಲ್ಲಿ ನಮ್ಮಲ್ಲಿ ಯಾರೂ ಅವರ ಸಮ ಬರುತ್ತಿರಲಿಲ್ಲ. ಕೋಪ ಬಂದರೆ ಉರ್ದು, ಪ್ರೀತಿ ಬಂದರೆ ಮುರುಕು ಕನ್ನಡ. ಮೈದಾನದಲ್ಲಿ ಅವರು ಉರ್ದು ಆಡುತ್ತಿದ್ದರೆ ನಾವು ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದೆವು. ಕನ್ನಡಕ್ಕೆ ಇಳಿದರೆ ಸಾಕು, ಬೆನ್ನು ತಾನೇ ಸಡಿಲಾಗುತ್ತಿತ್ತು.

ಅವರಿಗೊಂದು ಹುಚ್ಚು ಇತ್ತು. ರಜೆಯಲ್ಲಿ ಹುಡುಗರನ್ನು ಕರೆದುಕೊಂಡು ಹೋಗಿ ಬಯಲಲ್ಲಿ ಡೇರೆ ಹೊಡೆದು ನಾಲ್ಕು ದಿನ ಇರಬೇಕು, ಗುಡ್ಡ ಹತ್ತಿಸಬೇಕು, ತಮ್ಮ ರೊಟ್ಟಿ ತಾವೇ ಸುಟ್ಟುಕೊಳ್ಳುವುದನ್ನು ಕಲಿಸಬೇಕು. ಮೂರು ವರ್ಷ ಪ್ರಿನ್ಸಿಪಾಲರ ಬೆನ್ನು ಬಿದ್ದಿದ್ದರು. ನಾಲ್ಕನೆಯ ವರ್ಷ ಒಪ್ಪಿಗೆ ಸಿಕ್ಕಿತು, ಆದರೆ ಒಂದು ಷರತ್ತಿನ ಮೇಲೆ. ಡಿಸೆಂಬರ್ ರಜೆಯಲ್ಲಿ ಹುಮನಾಬಾದಿನಿಂದ ಕಲ್ಯಾಣಿಗೆ, ಅಂದರೆ ಈಗಿನ ಬಸವಕಲ್ಯಾಣಕ್ಕೆ, ಒಂದೇ ಹಗಲಿನಲ್ಲಿ ನಡೆದು ಹೋಗಬೇಕು. ಸಂಜೆ ನಾಲ್ಕಕ್ಕೆ ಕೋಟೆಯ ಬಾಗಿಲಲ್ಲಿ ಸಾಲಾಗಿ ನಿಂತಿರಬೇಕು. ಶಿಕ್ಷಣ ಖಾತೆಯ ದೊಡ್ಡ ಸಾಹೇಬರೊಬ್ಬರು ಅಲ್ಲಿಗೆ ಬಂದು ನೋಡುತ್ತಾರೆ. ಅವರು ಒಳ್ಳೆಯ ಮಾತು ಬರೆದರೆ ವರ್ಷವರ್ಷವೂ ಕ್ಯಾಂಪು, ಮಾಸ್ತರರ ಕೆಲಸವೂ ಕಾಯಂ. ಇಲ್ಲವಾದರೆ ಎರಡೂ ಇಲ್ಲ. ಇದನ್ನು ಅವರು ನಮ್ಮಿಂದ ಮುಚ್ಚಿಡಲಿಲ್ಲ. "ನಂದು ಇಜ್ಜತ್ ನಿಮ್ಮ ಕಾಲಾಗ ಅದ" ಎಂದು ನಕ್ಕಿದ್ದರು.

ನಾನು ಹುಡುಗರ ಲೀಡರು, ಮೇಲಾಗಿ ಆ ಕಡೆಯ ಹುಡುಗ. ಹೀಗಾಗಿ ನನ್ನನ್ನೇ ಕರೆದು ಕೇಳಿದರು, ಯಾವ ದಿನ ನಡೆದರೆ ದಾರಿ ಖಾಲಿ ಇರುತ್ತದೆ ಎಂದು. ನಾನು ಅಮಾವಾಸ್ಯೆಯ ದಿನ ಎಂದೆ. ಸುಳ್ಳೇನಲ್ಲ. ಅದು ಎಳ್ಳಮಾವಾಸ್ಯೆ. ಅಂದು ನಮ್ಮ ಕಡೆ ಒಂದು ಗಾಡಿಯೂ ದಾರಿಯಲ್ಲಿ ಇರುವುದಿಲ್ಲ, ಯಾಕೆಂದರೆ ಊರಿಗೆ ಊರೇ ಹೊಲದಲ್ಲಿರುತ್ತದೆ. ದಂಟಿನ ಕೊಂಪೆ ಕಟ್ಟಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಹೊಲದ ಸುತ್ತ ಚರಗ ಚೆಲ್ಲಿ, ಅಂದರೆ ಎಡೆಯ ಅಡಿಗೆಯನ್ನು ಭೂಮಿತಾಯಿಗೆಂದು ಎರಚಿ, ಉಣ್ಣುವ ಹಬ್ಬ. ದಾರಿಯಲ್ಲಿ ಹೋಗುವವರನ್ನು ಕರೆದು ಉಣಿಸದೆ ಯಾರೂ ಬಿಡುವುದಿಲ್ಲ, ಕರೆದರೆ ಒಲ್ಲೆ ಅನ್ನುವಂತೆಯೂ ಇಲ್ಲ. ಈ ಅರ್ಧವನ್ನು ನಾನು ಹೇಳಲಿಲ್ಲ. ಹಾಸ್ಟೆಲಿಗೆ ಬಂದ ಮೇಲೆ ಎರಡು ವರ್ಷ ನನಗೆ ಆ ಹಬ್ಬ ತಪ್ಪಿತ್ತು. ಅವ್ವನ ಕೈಯ ಭಜ್ಜಿ ಉಂಡು ಎರಡು ವರ್ಷವಾಗಿತ್ತು, ನಮ್ಮ ಹೊಲವೋ ಅದೇ ದಾರಿಯ ಮಗ್ಗುಲಿಗೇ ಇತ್ತು. ಹೊರಡಲಿದ್ದ ಹನ್ನೆರಡು ಹುಡುಗರಲ್ಲಿ ಏಳು ಮಂದಿ ಈ ಕಡೆಯವರೇ. ಎಲ್ಲರಿಗೂ ಗೊತ್ತಿತ್ತು, ಎಲ್ಲರ ಬಾಯಿಗೂ ಬೀಗ ಬಿದ್ದಿತ್ತು. "ದಾರ್ಯಾಗ ಊಟದ್ದು ಹ್ಯಾಂಗ?" ಎಂದು ಮಾಸ್ತರರು ಕೇಳಿದಾಗ, "ಅದರ ಚಿಂತಿ ಬ್ಯಾಡ್ರಿ ಸಾಬ್" ಎಂದವನೂ ನಾನೇ.

ಡೇರೆ, ಪಾತ್ರೆ, ಹಿಟ್ಟು ಎಲ್ಲ ಹಿಂದಿನ ದಿನವೇ ಗಾಡಿಯಲ್ಲಿ ಕಲ್ಯಾಣಿಗೆ ಹೋದವು. ನಾವು ಬೆಳಕು ಹರಿಯುವಾಗ ಹುಮನಾಬಾದು ಬಿಟ್ಟೆವು. ಚಳಿಗೆ ಮೂಗು ಕೆಂಪಾಗಿತ್ತು. ಎರಡೂ ಕಡೆ ಆಳೆತ್ತರದ ಬಿಳಿಜೋಳ, ನಡುವೆ ಕಡಲೆ, ಕುಸುಬಿ. ಮಾಸ್ತರರು ಖಾಕಿ ತೊಟ್ಟು, ಕಾಲಿಗೆ ಪಟ್ಟಿ ಸುತ್ತಿಕೊಂಡು, ಸೀಟಿ ಊದುತ್ತ ಮುಂದೆ. ದಾರಿ ನಿಜವಾಗಿಯೂ ಖಾಲಿ ಇತ್ತು. "ಶಾಬಾಸ್ ಬೇಟಾ!" ಎಂದು ನನ್ನ ಬೆನ್ನು ತಟ್ಟಿದರು. ಆ ತಟ್ಟಿದ್ದನ್ನು ನೆನೆದರೆ ಈಗಲೂ ನನಗೆ ನಾಚಿಕೆಯಾಗುತ್ತದೆ.

ಮೊದಲು ಸಿಕ್ಕಿದ್ದು ನಮ್ಮದೇ ಹೊಲ. ಅವ್ವ, ಅಪ್ಪ, ಕಾಕಾ ಎಲ್ಲ ದಾರಿಗೇ ಬಂದು ನಿಂತಿದ್ದರು. ಪೂಜೆಯಾಗಿಲ್ಲ, ಆದರೂ ಉಣ್ಣದೆ ಹೋಗಬಾರದೆಂದು ಮಾಸ್ತರರ ಕೈ ಹಿಡಿದರು. ಅಲ್ಲಿಂದ ಎದ್ದು ಅರ್ಧ ಕೋಸು ನಡೆದಿರಲಿಲ್ಲ, ಇನ್ನೊಂದು ಹೊಲದವರು ಅಡ್ಡ ಬಂದರು. ಆಮೇಲೆ ಮತ್ತೊಂದು. "ಎಲ್ಲಿಗಿ ಹೊಂಟೀರಿ, ಬರ್ರಿ, ಒಂದು ತುತ್ತು ಉಂಡು ಹೋಗ್ರಿ." ಒಂದು ಕಡೆ ಉಂಡು ಇನ್ನೊಂದು ಕಡೆ ಒಲ್ಲೆವೆಂದರೆ ಆ ಹೊಲಕ್ಕೆ ಅವಮಾನ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತು ಬಗೆಯ ಕಾಳು-ಪಲ್ಯ ಕೂಡಿಸಿದ ಭಜ್ಜಿ, ಮೇಲೆ ಅಂಬಲಿ. ಐದನೆಯ ಹೊಲದ ಹೊತ್ತಿಗೆ ನಮ್ಮ ಪಟಾಲಮ್ಮು ನಡೆಯುತ್ತಿರಲಿಲ್ಲ, ಉರುಳುತ್ತಿತ್ತು. ಒಬ್ಬ ಬೇವಿನ ಮರದ ಕೆಳಗೆ ಮಲಗಿ ಏಳಲೇ ಇಲ್ಲ, ಇಬ್ಬರು ಸೇರಿ ಎಬ್ಬಿಸಿ ನಿಲ್ಲಿಸಬೇಕಾಯಿತು. ಮಾಸ್ತರರು ಮೊದಮೊದಲು ಗಡಿಯಾರ ನೋಡುತ್ತಿದ್ದರು. ಆಮೇಲೆ ನೋಡುವುದನ್ನೇ ಬಿಟ್ಟರು. ಮಧ್ಯಾಹ್ನ ಒಂದು ಬಾವಿಯ ಹತ್ತಿರ ಕೈಕಾಲು ತೊಳೆದು ಬದುವಿನ ಮೇಲೆ ನಮಾಜು ಮಾಡಿದರು. ಆ ಹೊಲದವರು ಅವರು ಮುಗಿಸುವತನಕ ಎಲೆ ಹಾಕದೆ ಕಾದರು.

ಅಷ್ಟರಲ್ಲಿ ಮಾಸ್ತರರಿಗೆ ಎಲ್ಲ ತಿಳಿದಿರಬೇಕು. ನನ್ನ ಮುಖ ನೋಡಿದರು. "ಇನ್ನ ಓಡಬೇಕು" ಎಂದರು, ಅಷ್ಟೇ. ಓಡಿದೆವು. ಹೊಟ್ಟೆ ಹಿಡಿದುಕೊಂಡು ಓಡಿದೆವು. ಮೋರಖಂಡಿಯ ಹೊಲಗಳ ಹತ್ತಿರ ಬಂದಾಗ ಮೂರೂಕಾಲು ಗಂಟೆ. ಇನ್ನು ಯಾರೂ ಅಡ್ಡ ಬರದಿದ್ದರೆ ನಾಲ್ಕಕ್ಕೆ ಮುಟ್ಟುತ್ತಿದ್ದೆವು.

ಅಲ್ಲಿ ಒಬ್ಬ ಮುದುಕಿ ದಾರಿಯಲ್ಲಿ ನಿಂತಿದ್ದಳು. ಹಿಂದೆ ಕೊಂಪೆಯ ಬಾಗಿಲಲ್ಲಿ ಕೂಸನ್ನೆತ್ತಿಕೊಂಡ ಸೊಸೆ. ಊಟಕ್ಕೆ ಕರೆಯುತ್ತಾಳೆಂದುಕೊಂಡೆ. ಅವಳು ನೇರ ಮಾಸ್ತರರ ಖಾಕಿ ಅಂಗಿಯ ತೋಳು ಮುಟ್ಟಿ, "ನನ್ನ ಮಗನ ಪಲ್ಟನ್ನಿನವರೇನಪ್ಪಾ?" ಎಂದಳು. ಮಗ ದಂಡಿಗೆ ಹೋಗಿ ಎರಡು ವರ್ಷ. ಒಂದು ವರ್ಷದಿಂದ ಕಾಗದವಿಲ್ಲ. ಮಾಸ್ತರರು ಟೋಪಿ ತೆಗೆದರು. "ಇಲ್ಲ ಅವ್ವಾ, ನಂದು ಬ್ಯಾರೆ ಪಲ್ಟನ್" ಎಂದರು.

"ಬ್ಯಾರೆ ಇರಲಿ. ಮನ್ಯಾಗ ಗಂಡಸೂರಿಲ್ಲ, ಹೊತ್ತು ಇಳ್ಯಾಕತ್ತದ, ಚರಗ ಹಂಗೇ ಕುಂತದ. ನೀನೇ ಚೆಲ್ಲಿ ಹೋಗು ನನ್ನಪ್ಪಾ."

"ಅವ್ವಾ, ನಾನು ಮುಸಲ್ಮಾನ."

"ಅದು ನಾ ಕೇಳ್ದೆನೇನು?" ಎಂದು ಬುಟ್ಟಿ ತಂದು ಅವರ ಕೈಗಿಟ್ಟೇಬಿಟ್ಟಳು.

ಅವರು ನನ್ನ ಕಡೆ ತಿರುಗಿ, ಎಷ್ಟು ಹೊತ್ತು ಹಿಡಿಯುತ್ತದೆ ಎಂದು ಮೆಲ್ಲಗೆ ಕೇಳಿದರು. ಉದ್ದನೆಯ ಹೊಲ ಅದು, ಆ ತುದಿ ಕಾಣುತ್ತಿರಲಿಲ್ಲ. ಅರ್ಧ ತಾಸಾದರೂ ಬೇಕು, ನಡುವೆ ನಿಲ್ಲಿಸುವಂತಿಲ್ಲ ಎಂದೆ. ಅದೊಂದೇ ಸಲ ಆ ದಿನ ನಾನು ಪೂರ್ತಿ ನಿಜ ಹೇಳಿದ್ದು. ಅವರು ಗಡಿಯಾರ ಬಿಚ್ಚಿ ಜೇಬಿಗೆ ಹಾಕಿಕೊಂಡರು, ಬೂಟು ಕಳಚಿಟ್ಟರು, ಕರಿಮಣ್ಣಿಗೆ ಬರಿಗಾಲಲ್ಲಿ ಇಳಿದರು. ಅವರು ಮುಂದೆ ಚರಗ ಚೆಲ್ಲುತ್ತ, ನಾನು ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ. 'ಓಲಗ್ಯಾ... ಓಲಗ್ಯಾ...' ಎಂದು ಕೂಗಬೇಕೆಂದು ಹೇಳಿಕೊಟ್ಟೆ. ಮೈದಾನದಲ್ಲಿ ನೂರು ಹುಡುಗರನ್ನು ನಿಲ್ಲಿಸುತ್ತಿದ್ದ ಗಂಟಲು ಅದು, ಆಚೆ ಹೊಲದವರೆಲ್ಲ ಎದ್ದು ನಿಂತು ನೋಡಿದರು. ಪ್ರತಿ ಮೂಲೆಯಲ್ಲೂ ನಿಂತು, ಒಂದು ತುತ್ತೂ ಹೆಚ್ಚುಕಡಿಮೆಯಾಗದಂತೆ ಚೆಲ್ಲಿದರು. ಎಳೆದು ಹಾಕುವ ಎಡಗಾಲು ಹೆಂಟೆಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅವಸರ ಮಾತ್ರ ಮಾಡಲಿಲ್ಲ.

ಆಮೇಲೆ ಓಡಲಿಲ್ಲ, ನಡೆದೆವು. ಕೋಟೆ ಮುಟ್ಟಿದಾಗ ಐದೂವರೆ. ಸಾಹೇಬರ ಮೋಟಾರಿನ ಧೂಳು ಕೂಡ ಅಲ್ಲಿರಲಿಲ್ಲ.

ಆದರೂ ಕ್ಯಾಂಪು ನಡೆಯಿತು. ನನ್ನ ಬಾಳಿನಲ್ಲಿ ಅಂಥ ಮೂರು ದಿನ ಮತ್ತೆ ಬರಲಿಲ್ಲ. ಬೆಳಿಗ್ಗೆ ಕೋಟೆಯ ಬುರುಜು ಹತ್ತುತ್ತಿದ್ದೆವು. ಹಗ್ಗದ ಗಂಟು ಹಾಕುವುದು, ಗಾಳಿ ನೋಡಿ ಒಲೆ ಹೂಡುವುದು, ನೆರಳು ನೋಡಿ ಹೊತ್ತು ಹೇಳುವುದು ಎಲ್ಲ ಕಲಿಸಿದರು. ನಾನು ಸುಟ್ಟ ಮೊದಲ ರೊಟ್ಟಿಯನ್ನು, ಅರ್ಧ ಕರಿ ಅರ್ಧ ಹಸಿ, ಅವರೇ ತಿಂದರು. ಒಂದು ಮಧ್ಯಾಹ್ನ ಬುರುಜಿನ ಮೇಲೆ ಕೂತು ಸುತ್ತಲಿನ ಜೋಳದ ಹೊಲಗಳನ್ನೇ ನೋಡುತ್ತಿದ್ದರು. "ನಂದು ಒಂದು ಗೇಣು ಜಮೀನು ಇಲ್ಲ... ಆದ್ರ ಚರಗ ನಾನು ಚೆಲ್ಲೀನಿ" ಎಂದರು. ಬೇಸರದ ದನಿಯಲ್ಲ. ಹುಡುಗನಂತೆ ಹಿಗ್ಗಿದ್ದರು. ಆಗಲೇ ಅವರ ಕಾಲು ಹಿಡಿದು ನಿಜ ಹೇಳಬೇಕಿತ್ತು. ಮೂರೂ ದಿನ ನಾಳೆ ಹೇಳಿದರಾಯಿತು ಎಂದುಕೊಂಡೇ ಕಳೆದೆ.

ರಜೆ ಮುಗಿದ ಮೇಲೆ ಪ್ರಿನ್ಸಿಪಾಲರು ನಮ್ಮಿಬ್ಬರನ್ನೂ ಕರೆಸಿದರು. ಮೇಜಿನ ಮೇಲೆ ಸಾಹೇಬರ ಕಾಗದವಿತ್ತು. ಆ ದಿನವನ್ನು ಗೊತ್ತು ಮಾಡಿದ್ದು ಯಾರು ಎಂದು ನನ್ನನ್ನು ಕೇಳಿದರು. ಹಾಸ್ಟೆಲಿನಲ್ಲಿ ನಾನು ಉಣ್ಣುತ್ತಿದ್ದುದು ಕಾಲೇಜಿನ ದಯೆಯಿಂದ. ಅದು ನಿಂತರೆ ನನ್ನ ಓದು ನಿಲ್ಲುತ್ತಿತ್ತು. "ಮಾಸ್ತರರು" ಎಂದೆ.

ಪಕ್ಕದಲ್ಲೇ ನಿಂತಿದ್ದರು ಅವರು. ಒಂದು ಕ್ಷಣ ಸುಮ್ಮನಿದ್ದರು. ಆಮೇಲೆ "ಜೀ, ನಾನೇ" ಎಂದರು.

ತಿಂಗಳ ಕೊನೆಗೆ ಅವರ ಕೆಲಸ ಹೋಯಿತು. ಮೋಟಾರ್ ಸ್ಟ್ಯಾಂಡಿಗೆ ನಾನೊಬ್ಬನೇ ಹೋದೆ. ಒಂದು ತಗಡಿನ ಪೆಟ್ಟಿಗೆ, ಒಂದು ಹಾಸಿಗೆ ಸುರುಳಿ, ಅದರ ಮೇಲೆ ಅವರು. ನಾನು ಬಾಯಿ ತೆಗೆದೆ, ಅಳು ಬಂತು. ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಚೆನ್ನಾಗಿ ಓದು ಬೇಟಾ" ಎಂದರು. ಆಮೇಲೆ ಒಂದು ಚೀಟಿಯಲ್ಲಿ ಹೈದರಾಬಾದಿನ ತಮ್ಮ ಗಲ್ಲಿಯ ವಿಳಾಸ ಬರೆದುಕೊಟ್ಟರು. "ಆ ಅವ್ವನ ಮಗ ಬಂದನೋ ಇಲ್ಲೋ... ತಿಳಕೊಂಡು ನನಗ ಒಂದು ಖತ್ ಹಾಕು. ಮರೀಬ್ಯಾಡ."

ಮರೆಯಲಿಲ್ಲ. ಮುಂದಿನ ಎಳ್ಳಮಾವಾಸ್ಯೆಗೆ ಮೋರಖಂಡಿಗೆ ಹೋದೆ, ಮಗ ಬಂದಿರಲಿಲ್ಲ. ಅದರ ಮುಂದಿನ ವರ್ಷ ಯುದ್ಧ ಮುಗಿದಿತ್ತು. ದಾರಿಯಿಂದಲೇ ಕಂಡೆ, ಬತ್ತಿ ಹೋದ ಮುಖದ ಒಬ್ಬ ಗಂಡಸು ಹೊಲದ ಸುತ್ತ ಚರಗ ಚೆಲ್ಲುತ್ತಿದ್ದ, ಹಿಂದೆ ಒಂದು ಚಿಕ್ಕ ಹುಡುಗಿ ತಂಬಿಗೆ ಹಿಡಿದು ಓಡುತ್ತಿದ್ದಳು. ಮುದುಕಿ ನನ್ನನ್ನು ಗುರುತಿಸಿ, "ಖಾಕಿ ಅಣ್ಣಗ ಹೇಳಪಾ, ನನ್ನ ಮಗ ಬಂದಾನ. ಅವ ಚೆಲ್ಲಿದ ಚರಗ ಹುಸಿ ಹೋಗಲಿಲ್ಲ ಅಂತ ಹೇಳು" ಎಂದು ಎರಡೂ ಕೈಯಿಂದ ನನ್ನ ಗಲ್ಲ ಸವರಿ ಲಟಿಗೆ ಮುರಿದಳು.

ಎರಡು ಸಾಲಿನ ಪತ್ರ ಅದು. ಅಂದೇ ಬರೆಯಲು ಕೂತೆ. ಮಗ ಬಂದ ಎಂದು ಬರೆದೆ, ಮುಂದೆ ಹೋಗಲಾಗಲಿಲ್ಲ. ಅದೊಂದನ್ನೇ ಬರೆದು, ದಿನ ಗೊತ್ತು ಮಾಡಿದವನು ನಾನು, ತಿಳಿದೇ ಮಾಡಿದೆ, ತಿಳಿದೇ ನಿಮ್ಮ ಹೆಸರು ಹೇಳಿದೆ ಎಂಬುದನ್ನು ಬಿಡುವುದು ಹೇಗೆ? ಅವರಿಗೆ ಗೊತ್ತಿತ್ತು, ನಿಜ. ಆದರೆ ನನ್ನ ಕೈಯಿಂದ ಬರೆಯಬೇಕಿತ್ತಲ್ಲ. ಪತ್ರ ಹರಿದೆ. ಹಬ್ಬ ಹಬ್ಬಕ್ಕೂ ಬರೆಯುತ್ತಿದ್ದೆ, ಹರಿಯುತ್ತಿದ್ದೆ. ಆಮೇಲೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮ್ಮ ಕಡೆ ಆ ಕೆಟ್ಟ ದಿನಗಳು ಬಂದವು. ಹಿಂದೂಗಳ ಊರು ಮೊದಲು ಉರಿದವು, ಆಮೇಲೆ ಮುಸಲ್ಮಾನರ ಮನೆಗಳು. ಯಾರು ಯಾವ ಕಡೆ ಹೋದರೋ, ಯಾರು ಉಳಿದರೋ... ಎಲ್ಲ ತಣ್ಣಗಾದ ಮೇಲೆ ಕೊನೆಗೊಮ್ಮೆ ಪೂರ್ತಿ ಬರೆದು ಹಾಕಿದೆ. ಇಂಥವರು ಇಲ್ಲಿಲ್ಲ ಎಂದು ಪತ್ರ ತಿರುಗಿ ಬಂತು. ನಾನೇ ಹೈದರಾಬಾದಿಗೆ ಹೋಗಿ ಆ ಗಲ್ಲಿ ಹುಡುಕಿದೆ. ಆ ಮನೆಯಲ್ಲಿ ಬೇರೆಯವರಿದ್ದರು. ಎಡಗಾಲು ಎಳೆದು ನಡೆಯುವ ಒಬ್ಬರು ಎಂದು ನಾನು ನಡೆದೂ ತೋರಿಸಿದೆ. ಯಾರಿಗೂ ಗೊತ್ತಿರಲಿಲ್ಲ.

ಈಗ ನನಗೆ ಅವರ ಅಂದಿನ ವಯಸ್ಸಿನ ಎರಡರಷ್ಟು. ಓದು ಮುಗಿಸಿದೆ, ನಾನೂ ಮಾಸ್ತರನಾದೆ, ಮಂದಿ ನನ್ನನ್ನು ದೊಡ್ಡ ಮನುಷ್ಯ ಅನ್ನುತ್ತಾರೆ. ಹಾಗೆ ಅಂದಾಗಲೆಲ್ಲ ಆ ಮೇಜಿನ ಮುಂದೆ ನನ್ನ ಪಕ್ಕದಲ್ಲಿ ನಿಂತು ಅವರು ಸುಮ್ಮನಿದ್ದ ಒಂದು ಕ್ಷಣ ಕಣ್ಣಿಗೆ ಬರುತ್ತದೆ. ಎಲ್ಲಿ ಹೋದಿರಿ ಸಾಬ್? ಯಾವ ಊರಲ್ಲಿ, ಯಾರ ಕೈಯ ನೀರು ಕುಡಿದು ಹೋದಿರಿ? ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ, ಒಂದು ತಕರಾರು ಮಾತ್ರ ಇದೆ. ನನಗೆ ಧೈರ್ಯ ಬರುವತನಕ ನೀವು ಇರಬೇಕಾಗಿತ್ತು.