ಒಂದೇ ರಕ್ತ, ಎರಡು ಚೀಟಿ

ಮೊನ್ನೆ ಗದಗಿನ ಲ್ಯಾಬೊಂದರಲ್ಲಿ ಮೊಮ್ಮಗಳ ತೋಳಿಗೆ ಸ್ಪಿರಿಟ್ಟಿನ ಹತ್ತಿ ಒರೆಸಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಬೆಟಗೇರಿಯ ಹಳೆಯ ಪಡಸಾಲೆಯೊಂದು ಕಣ್ಣ ಮುಂದೆ ಬಂತು.

ಮೊಮ್ಮಗಳು ಬಸುರಿ. ಹಿಂದಿನ ಸಲದ್ದು ನಿಂತಿರಲಿಲ್ಲ. ಅದಕ್ಕೇ ಡಾಕ್ಟರು ಈ ಸಲ ಟಾಕ್ಸೊಪ್ಲಾಸ್ಮಾ ಎಂಬ ಸೋಂಕಿನ ಪರೀಕ್ಷೆ ಬರೆದಿದ್ದರು. ಬೆಕ್ಕಿನಿಂದಲೂ ಬರುತ್ತದಂತೆ ಅದು. ಮೊದಲ ಚೀಟಿ ಪಾಸಿಟಿವ್ ಬಂತು. ತವರಿನಲ್ಲಿ ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡೇ ಬೆಳೆದವಳು ಎಂದು ಅವಳ ಅತ್ತೆ, ನಮ್ಮ ಬೀಗತಿ, ಆಗಲೇ ರಾಗ ಎಳೆಯತೊಡಗಿದ್ದರು. ಡಾಕ್ಟರು ಮಾತ್ರ ತಣ್ಣಗಿದ್ದರು. ಈ ಪರೀಕ್ಷೆ ನೋಡುವುದು ರೋಗವನ್ನಲ್ಲ, ರೋಗದ ವಿರುದ್ಧ ಮೈ ತಯಾರಿಸಿಕೊಂಡ ಪ್ರತಿಕಾಯಗಳನ್ನು. ಅವು ಎಂದೋ ಬಂದುಹೋದ ಸೋಂಕಿನವಿರಬಹುದು, ಪರೀಕ್ಷೆಯೇ ತಪ್ಪಿರಲೂಬಹುದು, ದೊಡ್ಡ ಲ್ಯಾಬಿಗೆ ಇನ್ನೊಮ್ಮೆ ಕಳಿಸೋಣ ಎಂದರು. ನಾನು ಒಳಗೊಳಗೇ ನಕ್ಕೆ. ಈ ಬುದ್ಧಿ ನಮ್ಮ ಓಣಿಯ ಒಬ್ಬ ಹೆಣ್ಣುಮಗಳಿಗೆ ಎಂದೋ ಹೊಳೆದಿತ್ತು.

ಆಕೆಯನ್ನು ನಾನು ವೈನಿ, ಎಂದರೆ ಅತ್ತಿಗೆ, ಎನ್ನುತ್ತಿದ್ದೆ. ಬೆಟಗೇರಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ ಮನೆಯ ಸೊಸೆ. ನಾನು ಡೋಣಿಯಿಂದ, ಆಕೆ ಲಕ್ಷ್ಮೇಶ್ವರದಿಂದ, ಇಬ್ಬರೂ ಹೆಚ್ಚುಕಡಿಮೆ ಒಟ್ಟಿಗೇ ಆ ಓಣಿಗೆ ಬಂದವರು. ಆಗ ನಾವಿನ್ನೂ ಮುಂಬೈ ಪ್ರಾಂತ್ಯದವರು. ಕನ್ನಡದವರೆಲ್ಲ ಒಂದಾಗುವ ಮಾತು ಕಟ್ಟೆ ಕಟ್ಟೆಗೂ ನಡೆದಿತ್ತು. ಆಕೆಯ ಊರು ಸ್ವಾತಂತ್ರ್ಯ ಬರುವವರೆಗೂ ರಾಜರ ಕೈಯಲ್ಲಿತ್ತು. ಅತ್ತೆ ಅದನ್ನೇ ಹಿಡಿದು "ಸಂಸ್ಥಾನದಾಕಿ" ಎಂದು ಚುಚ್ಚಿದರೆ, "ಹೌದ್ರಿ ಅತ್ತಿ, ರಾಜರಿಗೆ ಬಗ್ಗಿ ಬಗ್ಗಿ ಸಾಕಾಗೇತಿ" ಎಂದು ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಹೇಳುತ್ತಿದ್ದಳು. ನನಗೋ ಗೋಡೆಯಾಚೆ ಕೂತು ನಗು ತಡೆಯಲು ಆಗುತ್ತಿರಲಿಲ್ಲ.

ಆಕೆಯ ಬಸಿರು ಮತ್ತೆ ಮತ್ತೆ ಇಳಿದುಹೋಯಿತು. ಊರಿನ ಹೆಣ್ಣು ಡಾಕ್ಟರು, ನಾವೆಲ್ಲ ಡಾಕ್ಟರ್ ಬಾಯಿ ಎನ್ನುತ್ತಿದ್ದವರು, ರಕ್ತ ತೆಗೆದು ಹೊರಗಿನ ದೊಡ್ಡ ಊರಿಗೆ ಕಳಿಸಿದರು. ಬಸಿರು ನಿಲ್ಲದವರಿಗೆಲ್ಲ ಆಗ ಮಾಡುತ್ತಿದ್ದ ಪರೀಕ್ಷೆ ಒಂದೇ, ಗರ್ಮಿ ರೋಗದ್ದು, ಡಾಕ್ಟರರ ಮಾತಿನಲ್ಲಿ ಸಿಫಿಲಿಸ್. ಕೆಟ್ಟ ನಡತೆಯವರಿಗೆ ಬರುವ ರೋಗವೆಂದು ಜನ ಅದರ ಹೆಸರನ್ನೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಚೀಟಿ ಬಂತು: ರೋಗವಿದೆ… ಗಂಡನ ರಕ್ತವನ್ನೂ ಕೊಡಿ ಎಂದು ಬಾಯಿ ಕೇಳಿದರೆ, ಆ ಮಹಾರಾಯ ಅಡತಿ ಅಂಗಡಿಯಲ್ಲಿ ಕೆಲಸವಿದೆ ಎಂದು ಜಾರಿಕೊಂಡ. ಗಂಡಸಿನ ರಕ್ತಕ್ಕೆ ಯಾವ ಪರೀಕ್ಷೆ! ಆಕೆಯನ್ನು ತವರಿಗೆ ಅಟ್ಟುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಶಿರಹಟ್ಟಿಯಲ್ಲಿ ಬೇರೆ ಹೆಣ್ಣು ನೋಡಿಕೊಂಡೂ ಬಂದರು. ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ವೈನಿ ಅಳಲಿಲ್ಲ. ಆಕೆಯ ತವರಿನವರದು ಹತ್ತಿ ವ್ಯಾಪಾರ. ಅಲ್ಲಿ ತೂಕದ ಮೇಲೆ ಸಂಶಯ ಬಂದರೆ ಜಗಳಾಡುತ್ತಿರಲಿಲ್ಲವಂತೆ. ಮಾಲನ್ನು ತಕ್ಕಡಿಯ ಈ ತಟ್ಟೆಯಿಂದ ತೆಗೆದು ಆ ತಟ್ಟೆಗೆ ಹಾಕಿ ಮತ್ತೆ ತೂಗುತ್ತಿದ್ದರಂತೆ. ತೂಕ ಬೇರೆ ಬಂದರೆ ದೋಷ ಮಾಲಿನದಲ್ಲ, ತಕ್ಕಡಿಯದು. ಆಕೆ ನನ್ನನ್ನು ಹಿತ್ತಲಿಗೆ ಕರೆದು ಇದನ್ನೆಲ್ಲ ಹೇಳಿ, ಕಡೆಗೆ ಕೇಳಿದಳು:

"ನಿನ್ನ ಹೆಸರು ಕೊಡತೀಯೇನು?"

ಆಕೆಯ ತೋಳಿನಿಂದಲೇ ರಕ್ತ ತೆಗೆದು ಎರಡು ಬಾಟಲಿಗೆ ಹಾಕುವುದು. ಒಂದರ ಮೇಲೆ ಆಕೆಯ ಹೆಸರು, ಇನ್ನೊಂದರ ಮೇಲೆ ನನ್ನದು. ಎರಡೂ ಕೆಟ್ಟದ್ದೆಂದು ಬಂದರೆ ನನ್ನ ಮನೆಯಲ್ಲೂ ಬೆಂಕಿ ಬೀಳುತ್ತಿತ್ತು. ಆದರೂ ಹೂಂ ಎಂದೆ. ಡಾಕ್ಟರ್ ಬಾಯಿಗೂ ಮೊದಲಿನಿಂದ ಅನುಮಾನವಿತ್ತು. ಆ ಪರೀಕ್ಷೆಯಲ್ಲಿ ಗಾಜಿನ ನಳಿಗೆಯೊಳಗೆ ಗಸಿ ಕಟ್ಟಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ಹೇಳಬೇಕು. ಮಲೇರಿಯಾ ಬಂದುಹೋದವರ ರಕ್ತದಲ್ಲಿ ಕೆಲವೊಮ್ಮೆ ಸುಳ್ಳೇ ಕಟ್ಟುತ್ತದೆ ಎಂದರು. ವೈನಿಗೆ ಆ ಮಳೆಗಾಲದಲ್ಲಿ ಚಳಿಜ್ವರ ಬಂದಿತ್ತು. ಬಾಯಿ ತಾವೇ ಸೂಜಿ ಚುಚ್ಚಿದರು. ಸ್ಪಿರಿಟ್ಟಿನ ವಾಸನೆ ಮೊದಲ ಸಲ ನನ್ನ ಮೂಗಿಗೆ ಬಂದದ್ದು ಅವತ್ತೇ.

ಎರಡು ಚೀಟಿ ಬಂದವು. ಆಕೆಯ ಹೆಸರಿನದರಲ್ಲಿ ರೋಗವಿದೆ, ನನ್ನ ಹೆಸರಿನದರಲ್ಲಿ ಇಲ್ಲ. ಬಾಯಿ ಅವನ್ನು ಹಿಡಿದು ಆ ಮನೆಯ ಪಡಸಾಲೆಗೇ ಬಂದು, ಎರಡೂ ಈ ಹುಡುಗಿಯ ರಕ್ತವೇ, ಈ ಪರೀಕ್ಷೆಯನ್ನು ನಂಬಿ ಸಂಸಾರ ಒಡೆಯಬೇಡಿ ಎಂದು ತಿಳಿಸಿ ಹೇಳಿದರು. ವೈನಿಯ ಮಾವ ಎರಡನ್ನೂ ಬಹಳ ಹೊತ್ತು ಓದಿದರು. ಆಮೇಲೆ ನನ್ನ ಹೆಸರಿನದನ್ನು ಮಡಚಿ, ಬಾಯಿಯ ಹಿಂದೆ ಬಂದು ನಿಂತಿದ್ದ ನನ್ನ ಕೈಗೆ ಕೊಟ್ಟು, "ನಿಂದು ನೀ ತಗೋವಾ" ಎಂದರು. ಇನ್ನೊಂದನ್ನು ತಮ್ಮ ಕಿಸೆಗೆ ಇಳಿಸಿದರು.

ಕಂಬದ ಹತ್ತಿರ ನಿಂತಿದ್ದ ವೈನಿ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಒಂದಾ ರಕ್ತಕ್ಕ ಎರಡು ಉತ್ತರ ಬಂದಾವ್ರಿ ಮಾವಾರ. ಕೆಟ್ಟದ್ದನ್ನ ನೀವು ಆರಿಸಿಕೊಂಡ್ರಿ. ಇನ್ನ ನಂದು ನಾ ಆರಿಸಿಕೋತೀನಿ."

ಮರುದಿನ ಆಕೆ ತನ್ನ ಟ್ರಂಕನ್ನು ತಾನೇ ಎತ್ತಿಕೊಂಡು ಹೊರಟಳು. ಯಾರೂ ಅಟ್ಟುವ ಪ್ರಸಂಗ ಬರಲಿಲ್ಲ. ಓಣಿಯ ಬಾಗಿಲುಗಳಲ್ಲಿ ನಿಂತವರನ್ನೆಲ್ಲ ಮುಖ ಎತ್ತಿಯೇ ಮಾತಾಡಿಸಿದಳು. ಮುಂದೆ ಲಕ್ಷ್ಮೇಶ್ವರದಲ್ಲಿ ಅಪ್ಪನ ತಕ್ಕಡಿಯ ಮುಂದೆ ತಾನೇ ಕೂತಳೆಂದೂ, ಆಕೆಯ ತೂಕಕ್ಕೆ ಯಾರೂ ಎದುರಾಡುತ್ತಿರಲಿಲ್ಲವೆಂದೂ ಪೇಟೆಗೆ ಬಂದವರು ಹೇಳುತ್ತಿದ್ದರು. ರಾಜ್ಯ ಒಂದಾದ ದಿನ ಗದಗಿನಲ್ಲಿ ಪೇಢೆ ಹಂಚಿದರು. ನಮ್ಮ ಗೋಡೆಯಾಚೆ ಆಗಲೇ ಬೇರೊಬ್ಬಳ ಬಳೆ ಸದ್ದು… ನನ್ನ ಪಾಲಿನ ಪೇಢೆಯನ್ನು ಓಣಿಯ ಹುಡುಗರಿಗೆ ಕೊಟ್ಟುಬಿಟ್ಟೆ.

ಆಕೆಯ ಬಸಿರು ಯಾಕೆ ನಿಲ್ಲಲಿಲ್ಲವೋ ಯಾರಿಗೂ ತಿಳಿಯಲಿಲ್ಲ. ಈ ಟಾಕ್ಸೊಪ್ಲಾಸ್ಮಾವೇ ಇತ್ತೋ ಏನೋ. ಅದನ್ನು ನೋಡುವ ಪರೀಕ್ಷೆ ನಮ್ಮ ಕಡೆ ಆಗ ಎಲ್ಲಿತ್ತು?

ನಿನ್ನೆ ಮೊಮ್ಮಗಳ ಎರಡನೆಯ ಚೀಟಿ ಬಂತು. ಸೋಂಕು ಎಂದೋ ಬಂದುಹೋದದ್ದು, ಕೂಸಿಗೆ ಭಯವಿಲ್ಲ ಎಂದು ಡಾಕ್ಟರು ಬಿಡಿಸಿ ಹೇಳಿದರು. ಮನೆಗೆ ಬಂದ ಮೇಲೂ ಬೀಗತಿ ಮೊದಲಿನ ಚೀಟಿಯನ್ನೇ ತಿರುವಿ ತಿರುವಿ ನೋಡುತ್ತಿದ್ದರು. ನಾನು ಅದನ್ನು ಅವರ ಕೈಯಿಂದ ತೆಗೆದುಕೊಂಡೆ.

"ಕೆಟ್ಟದ್ದನ್ನ ಯಾಕ ಆರಿಸಿಕೋತೀರಿ ಬೀಗತಿಯವರ?"

ಈ ಮಾತಿನ ಒಡತಿ ತೀರಿಹೋದ ಸುದ್ದಿಯೂ ನನಗೆ ತಡವಾಗಿ ತಲುಪಿತ್ತು, ಮಣ್ಣಿಗೂ ಹೋಗಲಾಗಲಿಲ್ಲ. ಅವತ್ತು ಮಾವ ನನ್ನ ಕೈಗೆ ಕೊಟ್ಟ ಚೀಟಿ ಇನ್ನೂ ನನ್ನ ಪೆಟ್ಟಿಗೆಯಲ್ಲಿದೆ. ಹೆಸರು ನನ್ನದು. ರೋಗವಿಲ್ಲ ಎಂದು ಬರೆದಿರುವುದು ಆಕೆಯ ರಕ್ತಕ್ಕೆ.